ಹೊಳೆಗೆ ಎಸೆದ ಕಲ್ಲು

ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಆಶ್ರಮ. ಈ ಕಥೆಗೆ ಅಷ್ಟು ಸಾಕು. ಊರಿನ ಹೆಸರು ಬೇಕೇಬೇಕು ಎನ್ನುವವರು ತಮಗೆ ಇಷ್ಟವಾದ ಊರನ್ನು ಅಲ್ಲಿಟ್ಟುಕೊಳ್ಳಬಹುದು, ನನ್ನದೇನೂ ತಕರಾರಿಲ್ಲ.

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಹಿರಿಯ ಶಿಷ್ಯ ಗುರುಶಾಂತ. ಮೈಮೇಲೆ ಕಟ್ಟಿರುವೆ ಹತ್ತಿದರೂ ಮೆಲ್ಲಗೆ ಕೊಡವಿ ಮುಗುಳ್ನಗುವಂಥ ಆಸಾಮಿ.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಶುರುಮಾಡಿದವನು ಗುರುಶಾಂತನೇ. ನೊಂದು ಬಂದವರು ದಂಡೆಯಲ್ಲಿ ಒಂದು ಕಲ್ಲು ಆರಿಸಿಕೊಳ್ಳಬೇಕು. ಎದೆಗೊತ್ತಿಕೊಂಡು 'ನನ್ನ ದುಃಖ ಹೋಗಲಿ' ಎನ್ನಬೇಕು. ಹೊಳೆಗೆ ಎಸೆಯಬೇಕು. ತಿರುಗಿ ನೋಡದೆ ನಡೆದುಬಿಡಬೇಕು.

ಜನ ಬಂದರು, ಎಸೆದರು. ಹಗುರಾಯಿತು ಎಂದವರೂ ಇದ್ದರು, ಇಲ್ಲವೆನ್ನಲಾರೆ. ಅಜ್ಜಾರು ಅದಕ್ಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ಭೀಮಶಿ ಎಂಬಾತ ತನ್ನ ತಂಗಿಯ ಕೈಹಿಡಿದು ಎಳೆದುಕೊಂಡೇ ಬಂದ. ತಂಗಿಯ ಹೆಸರು ಕಸ್ತೂರೆವ್ವ. ಅವಳ ಸೀರೆ ಎದೆಯವರೆಗೂ ನೆನೆದು ತೊಟ್ಟಿಕ್ಕುತ್ತಿತ್ತು.

ಭೀಮಶಿ ಹೇಳಿದ್ದರ ಸಾರ ಇಷ್ಟು. ಕಳೆದ ಮಳೆಗಾಲದಲ್ಲಿ ಕಸ್ತೂರೆವ್ವನ ಗಂಡ ಇದೇ ಹೊಳೆಯ ಪಾಲಾದ. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಪೇಟೆಯ ಡಾಕ್ಟರು ಗುಳಿಗೆ ಕೊಟ್ಟ ಮೇಲೆ ಕಣ್ಣು ಒಂದಿಷ್ಟು ಮುಚ್ಚತೊಡಗಿತ್ತು. ದೇವರ ಆಸರೆಯೂ ಇರಲಿ ಎಂದು ಅಣ್ಣ ಆಶ್ರಮಕ್ಕೆ ಕರೆತಂದ. ಗುರುಶಾಂತ ಕಲ್ಲು ಎಸೆಯಿಸಿದ. ನಂಬಿಕೆ ಅರ್ಧಂಬರ್ಧ ಇರಬಾರದೆಂದು ಗುಳಿಗೆಗಳನ್ನೂ ಎಸೆಯಿಸಿದ.

ನಿದ್ದೆ ಮತ್ತೆ ಹೋಯಿತು. ಅವಳು ಮರಳಿ ಬಂದು ಹೀಗೇಕೆ ಎಂದು ಕೇಳಿದಳು. ನೀನು ಭಕ್ತಿಯಿಂದ ಎಸೆದಿಲ್ಲ, ಆ ಕಲ್ಲನ್ನೇ ತೆಗೆದು ಇನ್ನೊಮ್ಮೆ ಎಸೆ ಎಂದು ಹೇಳಿ ಗುರುಶಾಂತ ಕಣ್ಣುಮುಚ್ಚಿ ಜಪಕ್ಕೆ ಕೂತ.

ಈ ಬೆಳಿಗ್ಗೆ ಭೀಮಶಿ ನೋಡಿದಾಗ ಅವಳು ಎದೆಮಟ್ಟದ ನೀರಿನಲ್ಲಿದ್ದಳು. ಇನ್ನೂ ಮುಂದೆ ಮುಂದೆ ಹೋಗುತ್ತಿದ್ದಳು.

"ಕಲ್ಲು ಹುಡುಕಾಕ ಹೋಗಿದ್ನಿ ಅಂತಾಳ್ರಿ ಅಜ್ಜಾರ. ನಾ ಏನಂತ ತಿಳ್ಕೊಳ್ಳಿ?"

ಅಜ್ಜಾರು ಎದ್ದು ನಿಂತರು. ಅವರು ಸಿಟ್ಟಾದದ್ದನ್ನು ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ. ಅಂದು ಕಂಡರು.

"ಗುಳಿಗಿ ಎಸಿ ಅಂದವರು ಯಾರು?"

ಗುರುಶಾಂತ ಕೈಮುಗಿದ. "ನಾನ್ರಿ. ಮನಸಿನ ಬ್ಯಾನಿಗೆ ದೇವರ ನಾಮಾನ ಮದ್ದು ಅಂತ..."

"ಹ್ವಾದ ವರ್ಷ ನಿನಗ ಕಾಮಣಿ ಆಗಿತ್ತು. ಕಣ್ಣು ಅರಿಷಿಣ ಆಗಿದ್ವು. ಔಷಧಿ ಕುಡಿದಿ, ಪಥ್ಯ ಮಾಡಿದಿ. ಒಂದಾರ ಕಲ್ಲು ಎಸೆದ್ಯೇನು?"

"ಅದು ಮೈಯ ಬ್ಯಾನಿರಿ, ಅಜ್ಜಾರ."

"ಈಕೀ ತಲಿ ಯಾರ ಮೈಮ್ಯಾಗ ಐತಿ?"

ಗುರುಶಾಂತನ ಮುಗುಳ್ನಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಜ್ಜಾರು ಭೀಮಶಿಯನ್ನು ಆಗಿಂದಾಗಲೇ ಪೇಟೆಗೆ ಅಟ್ಟಿದರು. ಡಾಕ್ಟರಿಗೆ ನಡೆದದ್ದೆಲ್ಲ ಹೇಳಬೇಕು, ಹೊಳೆಗೆ ಇಳಿದದ್ದನ್ನೂ ಹೇಳಬೇಕು, ಆಶ್ರಮದ ಮರ್ಯಾದೆ ಉಳಿಸಲು ಏನನ್ನೂ ಮುಚ್ಚಿಡಕೂಡದು ಎಂದು ಅಪ್ಪಣೆಯಾಯಿತು. ಅಡುಗೆಮನೆಯ ಇಬ್ಬರು ಹೆಂಗಸರು ಕಸ್ತೂರೆವ್ವನಿಗೆ ಒಣಗಿದ ಸೀರೆ ಉಡಿಸಿ ಬೇವಿನ ಮರದ ಕೆಳಗೆ ಕೂರಿಸಿಕೊಂಡರು. ಅವಳ ಕೈ ಬಿಡಬೇಡಿ ಎಂದು ಅವರಿಗೂ ಹೇಳಿದ್ದಾಯಿತು.

ಆಮೇಲೆ ಅಜ್ಜಾರು ಶಿಷ್ಯನ ಕಡೆ ತಿರುಗಿದರು.

"ಆಕೀ ಹುಡುಕಾಕ ಹೋದ ಕಲ್ಲು ನೀ ತಗೊಂಡು ಬಾ."

"ಹೊಳಿ ತುಂಬ ಕಲ್ಲದಾವ್ರಿ, ಅಜ್ಜಾರ."

"ಆಕೀಗೂ ಹಂಗ ಹೇಳಿದ್ಯೇನು?"

ಗುರುಶಾಂತ ಧೋತರ ಎತ್ತಿಕಟ್ಟಿ ನೀರಿಗಿಳಿದ.

ಮುಳುಗಿದ, ಎದ್ದ. ಒಂದು ಕಲ್ಲು ತಂದು ಕಸ್ತೂರೆವ್ವನ ಮುಂದಿಟ್ಟ. ಅವಳು ನೋಡಿ ಅಲ್ಲ ಎಂದಳು. ಇನ್ನೊಂದು ತಂದ. ಅಲ್ಲ. ಕರಿಯದು ತಂದ, ಕೆಂಪಗಿನದು ತಂದ, ನುಣ್ಣನೆಯದು ತಂದ. ಅಲ್ಲ, ಅಲ್ಲ, ಅಲ್ಲ. ಹೊತ್ತು ನೆತ್ತಿಗೇರಿತು. ರಾಶಿ ಮೊಣಕಾಲಿಗೆ ಬಂತು. ಅಜ್ಜಾರು ಬಿಸಿಲಲ್ಲೇ ನಿಂತಿದ್ದರು, ನೆರಳಿಗೆ ಬರಲಿಲ್ಲ.

ಕೊನೆಗೆ, ಕಟ್ಟಿರುವೆಗೂ ಕದಲದ ಗುರುಶಾಂತ ಕೈಯಲ್ಲಿದ್ದ ಕಲ್ಲನ್ನು ನೆಲಕ್ಕೆ ಕುಕ್ಕಿದ.

"ಇದೂ ಅಲ್ಲ ಅಂದ್ರ ಹೆಂಗ? ಎಲ್ಲಾ ಕಲ್ಲೂ ಒಂದ ಥರ ಅದಾವಲ್ಲ."

"ನಿಮಗ ಒಂದ ಥರ," ಎಂದಳು ಕಸ್ತೂರೆವ್ವ. "ನನಗಲ್ಲ."

ಅಜ್ಜಾರು ಹಿಂದಿನಿಂದ ಹೇಳಿದರು, "ಹುಡುಕಿದ್ದು ಸಾಕು. ಕೇಳು."

"ಏನು ಕೇಳ್ಲಿ, ಅಜ್ಜಾರ?"

"ಅದನ್ನ ನನ್ನ ಕೇಳಬ್ಯಾಡ."

ಗುರುಶಾಂತ ಒದ್ದೆ ಧೋತರದಲ್ಲೇ ಅವಳೆದುರು ನೆಲಕ್ಕೆ ಕೂತ. ನೋಡಿ, ಎಂಥ ಸೋಜಿಗ. ಅವಳು ಆಶ್ರಮಕ್ಕೆ ಎಷ್ಟೋ ಸಲ ಬಂದಿದ್ದಳು, ಇವನು ಅವಳಿಗೆ ಎಷ್ಟೋ ಹೇಳಿದ್ದ. ಕೇಳಿದ್ದು ಮಾತ್ರ ಏನೂ ಇರಲಿಲ್ಲ.

"ಕಲ್ಲು ಎಸಿವಾಗ ಮನಸಿನ್ಯಾಗ ಏನಿತ್ತವ್ವಾ?"

"ನೀವ ಹೇಳಿಕೊಟ್ಟಿರಲ್ಲ. ದುಃಖ ಹೋಗಲಿ ಅಂದ್ನಿ."

"ದುಃಖ ಇತ್ತೇನು?"

ಅವಳು ನೀರನ್ನೇ ನೋಡುತ್ತ ಕೂತಳು. ಅಡುಗೆಮನೆಯ ಹೆಂಗಸರು ಸೆರಗಿನಿಂದ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದರು.

"ಇಲ್ಲ," ಎಂದಳು.

"ಮತ್ತ ಏನಿತ್ತು?"

"ಸಿಟ್ಟು."

ಒಮ್ಮೆ ಆ ಮಾತು ಹೊರಬಿತ್ತು ನೋಡಿ, ಹಿಂದೆಯೇ ಉಳಿದದ್ದೆಲ್ಲ ಬಂತು. ಪಕ್ಕದ ಮನೆಯವರ ಎಮ್ಮೆ ಸೆಳವಿಗೆ ಸಿಕ್ಕಿತ್ತು. ಗಂಡನಿಗೆ ಸರಿಯಾಗಿ ಈಜೇ ಬರುತ್ತಿರಲಿಲ್ಲ. ಬೇಡ ಎಂದು ಇವಳು ಕೈ ಹಿಡಿದಳು, ಅವನು ಕೊಸರಿಕೊಂಡು ಹಾರಿದ.

"ಎಮ್ಮಿ ತಾನ ಈಸಿ ದಂಡಿ ಹತ್ತೇತ್ರಿ. ಅವ್ರು ಬರಲಿಲ್ಲ. ಊರ ಮಂದಿ ಪಟಕ್ಕ ಹಾರ ಹಾಕಿ ಪುಣ್ಯಾತ್ಮ ಅಂತಾರ. ಆ ಎಮ್ಮಿ ದಿನಾ ನನ್ನ ಬಾಗಲ ಮುಂದಿಂದನ ಮೇಯಾಕ ಹೋಗತೈತಿ. ನಾ ಯಾರಿಗೆ ಬೈಲಿ? ಎಮ್ಮಿಗೆ ಬೈಲ್ಯಾ? ಸತ್ತವರಿಗೆ ಬೈಬಾರದಂತ."

ಗುರುಶಾಂತನಿಗೆ ರೂಢಿ ಬಿಡಬೇಕಲ್ಲ. "ಸಿಟ್ಟು ಒಳ್ಳೇದಲ್ಲವ್ವಾ," ಎಂದು ಶುರುಮಾಡಿದ.

ಅಜ್ಜಾರು ಕೆಮ್ಮಿದರು. ಅವನು ಬಾಯಿ ಮುಚ್ಚಿದ.

ಕಸ್ತೂರೆವ್ವ ಎದ್ದಳು. ರಾಶಿಯಿಂದ ಒಂದು ಕಲ್ಲು ಎತ್ತಿಕೊಂಡಳು. ಎದೆಗೆ ಒತ್ತಿಕೊಳ್ಳಲೂ ಇಲ್ಲ, ಮಂತ್ರ ಹೇಳಲೂ ಇಲ್ಲ, ಬೀಸಿ ಎಸೆದಳು. ಅದು ಗುರುಶಾಂತನ ಕಿವಿಯ ಪಕ್ಕದಲ್ಲೇ ಹಾದು ಹೊಳೆಗೆ ಬಿತ್ತು. ಹೆಂಗಸರು ಹಿಡಿಯಲು ಹೋದರು. ಅಜ್ಜಾರು ಕೈಯೆತ್ತಿ ತಡೆದು, ತಾವೇ ಬಂದು ಅವಳಿಗೂ ನೀರಿಗೂ ನಡುವೆ ನಿಂತರು.

ಇನ್ನೊಂದು ಎಸೆದಳು. ಮತ್ತೊಂದು. ಅಜ್ಜಾರು ಕದಲಲಿಲ್ಲ.

ಆ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಗಟಿನ ಹಾಗೆ ಹೆಣೆದು, ಒಡಪು ಹಾಕಿ ಹೇಳಿದರೆ ಹೇಳಿದ ಹಾಗೆ, ಅಷ್ಟೇ. ಹೆಂಗಸರೆಲ್ಲ ಮುತ್ತಿಕೊಂಡು ನಗುತ್ತಿದ್ದಾಗ ಕಸ್ತೂರೆವ್ವನೂ ಹಾಗೊಮ್ಮೆ ಹೇಳಿದ್ದಳು. ಈಗ ಹೊಳೆಯ ಕಡೆ ಮುಖ ಮಾಡಿ, ಒಡಪಿಲ್ಲದೆ, ಬಹುವಚನವಿಲ್ಲದೆ ಕೂಗಿದಳು.

"ನಿಂಗಪ್ಪಾ, ನನ್ನ ಮಾತು ಒಂದ ಸಲ ಕೇಳಿದ್ದರ ಏನಾಗತಿತ್ತೋ ನಿನಗ?"

ಹೊಳೆ ಹರಿಯುತ್ತಲೇ ಇತ್ತು.

ಅವಳು ಅಲ್ಲೇ ಕುಸಿದು ಅತ್ತಳು. ಗುರುಶಾಂತನ ನಾಲಿಗೆಯ ತುದಿಯಲ್ಲಿ ಹಿರಿಯರ ವಚನಗಳು, ಸುಭಾಷಿತಗಳು ಸಾಲುಗಟ್ಟಿ ನಿಂತಿದ್ದಿರಬೇಕು. ಒಂದೂ ಹೊರಗೆ ಬರಲಿಲ್ಲ. ಕೂತಲ್ಲೇ ಕೂತಿದ್ದ. ಅವಳು ಅಳುವುದು ಮುಗಿಯುವವರೆಗೂ ಕೂತಿದ್ದ.

ಸಂಜೆಗೆ ಭೀಮಶಿ ಗುಳಿಗೆ ತಂದ, ನಾಳೆಯೇ ಅವಳನ್ನು ಕರೆತರಬೇಕು, ಅಲ್ಲಿಯವರೆಗೆ ಒಂಟಿಯಾಗಿ ಬಿಡಬಾರದು ಎಂಬ ಡಾಕ್ಟರ ಮಾತನ್ನೂ ತಂದ. ಕಸ್ತೂರೆವ್ವ ಅರ್ಧ ರೊಟ್ಟಿ ತಿಂದಳು. ಅಜ್ಜಾರು ತಾವೇ ನೀರಿನ ತಂಬಿಗೆ ಹಿಡಿದು ನಿಂತು ಗುಳಿಗೆ ನುಂಗಿಸಿದರು.

ಅಂದೇ ಗುಣವಾದಳು ಎಂದು ಬರೆದರೆ ಕಥೆ ಚಂದ ಕಾಣುತ್ತದೆ. ಹಾಗಾಗಲಿಲ್ಲ. ಡಾಕ್ಟರ ಬಳಿ ಬಹಳ ಕಾಲ ಓಡಾಡಿದಳು. ಆದರೆ ಅಂದು ಹೊರಡುವಾಗ, ಹೊಳೆಯ ದಾರಿ ಬೇಡ, ಮೇಲಿನ ದಾರಿಯಲ್ಲಿ ಹೋಗೋಣ ಎಂದು ಅಣ್ಣನಿಗೆ ತಾನಾಗಿ ಹೇಳಿದಳು.

ಅವರು ಕಣ್ಮರೆಯಾದ ಮೇಲೆ ಗುರುಶಾಂತ ಅಜ್ಜಾರ ಮುಂದೆ ಬಂದು ನಿಂತ. ಅವರ ಮುಖ ಇನ್ನೂ ಗಡುಸಾಗಿಯೇ ಇತ್ತು.

"ಕಲ್ಲು ಸಿಗಲಿಲ್ರಿ, ಅಜ್ಜಾರ."

"ಹೂಂ."

"ತೆಗದದ್ದು ರಾಶಿ ಬಿದ್ದೈತಿ. ತಿರುಗಿ ಹೊಳಿಗೆ ಹಾಕಲ್ಯಾ?"

"ಬ್ಯಾಡ. ದಂಡಿ ಮ್ಯಾಲ ಕುಂದರಾಕ ಒಂದು ಕಟ್ಟಿ ಕಟ್ಟು."

"ಎಷ್ಟು ದೊಡ್ಡದ್ರಿ?"

"ಇಬ್ಬರು ಕೂಡುವಷ್ಟು. ಹೇಳಾವ್ರು ಒಬ್ಬರು, ಕೇಳಾವ್ರು ಒಬ್ಬರು. ನಾಳೆ ಮೊದಲ ನಾನ ಬಂದು ಕೂಡತೀನಿ. ನಿನ್ನ ಮ್ಯಾಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ."