ಜವುಳಿನ ಚರಗ

ಕೆರೆಯ ಏರಿಯ ಮೇಲೊಂದು ಸಣ್ಣ ಮಠ. ಅಲ್ಲಿ ಬೂದಜ್ಜನೆಂಬ ಗುರು. ಒಕ್ಕಲುತನದ ಮನೆಯಿಂದ ಬಂದ ಅಡಿವೆಪ್ಪ ಅವನ ಶಿಷ್ಯ. ಗುರುವಿನ ಕೈಯಿಂದ ಲಿಂಗದೀಕ್ಷೆ ಪಡೆಯಬೇಕೆಂಬುದೊಂದೇ ಅವನ ಹಂಬಲ.

“ಅಜ್ಜಾರ, ದೀಕ್ಷಾ ಯಾವಾಗ ಕೊಡ್ತೀರಿ?”

ಅಜ್ಜ ಏರಿಯ ಕೆಳಗೆ ನೀರು ಜಿನುಗುವ ಜವುಳು ನೆಲ ತೋರಿಸಿದ. ಹಿಂದೆ ಚಳಿಗಾಲ ಬಂತೆಂದರೆ ಅಲ್ಲಿ ಬಾತುಗಳದೇ ಗದ್ದಲ. ಈಗ ಬರೀ ಆಪು ಹುಲ್ಲು.

“ಬಾತು ಬಂದ ದಿನ ಬರಿಗೈಲೆ ಬಾ. ಕೊಡ್ತೇನಿ.”

“ಅವ್ಯಾಕ ಬರವಲ್ವು?”

“ಉಣ್ಣಾಕ ಇಲ್ಲದ ಮನಿಗೆ ನೀ ಹೋಗ್ತೀಯೇನಲೇ?”

ಅಡಿವೆಪ್ಪನಿಗೆ ಅಷ್ಟೇ ಸಾಕಾಯಿತು. ಕೆರೆಯ ನೀರು ಹರಿಯದಂತೆ ತೂಬು ಮುಚ್ಚಿದ, ಹುಲ್ಲು ಕಿತ್ತ, ಹಸಿ ಕೆಸರಿನಲ್ಲಿ ಊದಲು ಬಿತ್ತಿದ. ಬಾತುಗಳಿಗೆ ಆ ಸಣ್ಣ ಕಾಳೆಂದರೆ ಪ್ರಾಣ.

ಅಬ್ಬಬ್ಬಾ, ಏನು ಬೆಳೆ ಅದು! ತೆನೆಯ ಭಾರಕ್ಕೆ ದಂಟು ಬಾಗಿದವು. ಊರವರು ಏರಿ ಮೇಲೆ ನಿಂತು, “ಮಠದ ಕಣಜ ತುಂಬಿತು ಬಿಡ್ರಿ!” ಎಂದರು. ಅಡಿವೆಪ್ಪ ಹಿಗ್ಗಿ ಹೀರೇಕಾಯಿಯಾದ.

ಚಳಿ ಬಿತ್ತು. ಬಾತುಗಳ ಹಿಂಡು ಬಂದು ಜವುಳಿನ ಮೇಲೆ ಒಂದು ಸುತ್ತು ಹಾಕಿ ಹೋಗಿಯೇಬಿಟ್ಟಿತು. ಅಡಿವೆಪ್ಪ ಏದುಸಿರು ಬಿಡುತ್ತ ಓಡಿ ಬಂದ.

“ಇಷ್ಟು ಬೆಳೆದಿಟ್ಟರೂ ಇಳೀಲಿಲ್ರಿ, ಅಜ್ಜಾರ!”

“ಕೈಯಾಗೇನೈತಿ?”

“ಕವಣಿ ರೀ. ಗುಬ್ಬಿ ಭಾಳ ಆಗ್ಯಾವ, ತೆನಿ ತಿಂತಾವ.”

“ಬೆಳಿ ಯಾರಿಗೆ?”

“ಹಕ್ಕಿಗಳಿಗೆ ರೀ.”

ಅಜ್ಜ ಕೆಮ್ಮು ಬರುವ ತನಕ ನಕ್ಕ. ಅಡಿವೆಪ್ಪ ನಾಚಿ ಕವಣೆಯನ್ನು ಒಲೆಗೆ ಹಾಕಿದ.

ಎಳ್ಳಮಾವಾಸ್ಯೆ ಬಂತು, ಹೊಲದಲ್ಲಿ ಎಡೆ ಚೆಲ್ಲಿ ಭೂಮಿತಾಯಿಗೆ ಉಣಿಸುವ ಚರಗದ ಹಬ್ಬ. ಬಾತು ಮಾತ್ರ ಇಳಿಯಲಿಲ್ಲ. ಅಡಿವೆಪ್ಪ ಕುಡಗೋಲು ಹಿಡಿದು ಮಠಕ್ಕೆ ಬಂದ. ಅವನ ಮುಖ ಸಪ್ಪಗಾಗಿತ್ತು.

“ಕಾಳು ಉದುರಾಕತ್ತಾವ್ರಿ. ಕೊಯ್ದು ಬಿಡ್ತೇನಿ.”

“ಚರಗ ಚೆಲ್ಲಿದ್ಯಾ?”

“ಭೂಮಿತಾಯಿಗೆ ಒಂದು ಹಿಡಿ ಚೆಲ್ಲೀನ್ರಿ.”

“ಉಳಿದದ್ದು?”

“ಕಣಜಕ್ಕ.”

“ನಾ ಕಣಜ ಕೇಳಿದ್ನೇನು?”

ಅಡಿವೆಪ್ಪ ಕುಡಗೋಲನ್ನು ಕೈಯಿಂದ ಕೈಗೆ ಬದಲಿಸಿದ.

“ತೂಬು ಎತ್ತು,” ಎಂದ ಅಜ್ಜ.

“ಅಯ್ಯೋ! ನಿಂತ ಬೆಳಿ ಮುಳುಗತೈತ್ರಿ!”

“ಬಾತು ಒಣನೆಲದಾಗ ಪಂಕ್ತಿ ಕುಂತು ಉಂಡದ್ದು ಎಲ್ಲೆರ ಕಂಡೀಯೇನು?”

“ಊರಾಗ ನನ್ನ ಹುಚ್ಚ ಅಂತಾರ.”

ಅಜ್ಜ ಏರಿಯ ಮೇಲೆ ಕಂಬಳಿ ಹಾಸಿ ಕುಳಿತ. ತೂಬಿಗೆ ತಾನು ಕೈ ಹಚ್ಚಲಿಲ್ಲ.

ಒಕ್ಕಲಿಗನ ಮಗ, ಕೈಯಾರೆ ಬೆಳೆದ ಪೈರನ್ನು ಕೈಯಾರೆ ಮುಳುಗಿಸುವುದೆಂದರೆ ಕರುಳು ಕಿತ್ತು ಬರುತ್ತದೆ. ಅಡಿವೆಪ್ಪ ತೂಬಿನ ಬಳಿ ಬಹಳ ಹೊತ್ತು ನಿಂತ. ಆಮೇಲೆ ಕುಡಗೋಲನ್ನು ಎಸೆದು, ಅಳುತ್ತಲೇ ತೂಬು ಎತ್ತಿದ.

ನೀರು ನುಗ್ಗಿತು. ದಂಟುಗಳ ನಡುವೆ ಹರಿದು ತೆನೆಗಳ ಕೊರಳ ತನಕ ಏರಿತು. ಕಾಳು ಉದುರಿ ತೇಲಿತು. ಅಡಿವೆಪ್ಪ ಮೊಣಕಾಲುದ್ದದ ನೀರಿನಲ್ಲಿ ನಿಂತು, ಗಂಟಲು ಹರಿಯುವಂತೆ ಚರಗದ ಕೂಗು ಹಾಕಿದ:

“ಹುಲ್ಲುಲ್ಲಿಗೋ! ಹುಲ್ಲುಲ್ಲಿಗೋ!”

ಮರುದಿನ ಬೆಳಕು ಹರಿಯುತ್ತಲೇ ಉತ್ತರದ ಆಕಾಶದಲ್ಲೊಂದು ಗೆರೆ ಕಂಡಿತು. ಅದರ ಹಿಂದೆ ಇನ್ನೊಂದು. ಹೆಬ್ಬಾತುಗಳು ರೆಕ್ಕೆ ಚಾಚಿ ಜವುಳಿಗೆ ಇಳಿದವು. ಸಣ್ಣ ಬಾತುಗಳೂ ಹಿಂಡುಹಿಂಡಾಗಿ ಬಂದು ಬಿದ್ದವು. ಅವುಗಳ ಗದ್ದಲದಲ್ಲಿ ಮಠದ ಗಂಟೆಯೇ ಕೇಳಿಸದು! ಹುಚ್ಚ ಎನ್ನಲು ಬಂದ ಊರು ಏರಿಯ ಮೇಲೆ ಬಾಯಿ ತೆರೆದು ನಿಂತಿತು. ಮುದುಕಿಯರು ಕೈ ಮುಗಿದರು.

ಅಡಿವೆಪ್ಪ ಮೈಯೆಲ್ಲ ಕೆಸರಾಗಿ ಓಡಿ ಬಂದ. ನಗುತ್ತಿದ್ದನೋ ಅಳುತ್ತಿದ್ದನೋ, ಅವನಿಗೇ ಗೊತ್ತಿರಲಿಲ್ಲ.

“ಬಂದ್ವು, ಅಜ್ಜಾರ! ಬಂದ್ವು! ಒಂದು ಕಾಳೂ ಉಳಿಸೂದಿಲ್ಲ ನೋಡ್ರಿ!”

ಅಜ್ಜ ಅವನ ಎರಡೂ ಕೈಗಳನ್ನು ತಿರುಗಿಸಿ ನೋಡಿದ. ಕವಣೆ ಇರಲಿಲ್ಲ, ಕುಡಗೋಲೂ ಇರಲಿಲ್ಲ.

“ಈ ಕೈ ಬರಿದಾಗಾಕ ಒಂದು ಕೆರಿ ನೀರು ಬೇಕಾತಲ್ಲೋ ಮಗನ! ಬಾ, ಲಿಂಗಕ್ಕ ಅಂಗೈ ಚಾಚು.”