ಸವೆದ ಕಿರೀಟ

ಕಾಳಪ್ಪಯ್ಯನವರ ಆಶ್ರಮ ಹೊಳೆದಂಡೆಯಲ್ಲಿತ್ತು. ಅಲ್ಲಿ ಜಪಕ್ಕಿಂತ ಉಳಿಯ ಸದ್ದೇ ಜಾಸ್ತಿ. ಗುರುಗಳು ಬೆಳ್ಳಿ ಕೆತ್ತುವವರು, ಶಿಷ್ಯರೂ ಅಷ್ಟೇ.

ಗುರುಗಳು ಒಪ್ಪುವ ತನಕ ಯಾವ ಶಿಷ್ಯನೂ ತನ್ನ ಕೆಲಸದ ಮೇಲೆ ತನ್ನ ಗುರುತು ಹಾಕುವಂತಿರಲಿಲ್ಲ. ಸೋಮಲಿಂಗನೆಂಬ ಶಿಷ್ಯ ಅದಕ್ಕಾಗಿ ಹನ್ನೆರಡು ವರ್ಷ ಕಾದಿದ್ದ.

ಒಂದು ದಿನ ಗುರುಗಳು ಹಳೆಯ ಬೆಳ್ಳಿ ನಾಣ್ಯವೊಂದನ್ನು ಅವನ ಕೈಗಿಟ್ಟರು. ಪೋಲೆಂಡ್ ಎಂಬ ದೂರದ ನಾಡಿನದು, ಯಾರೋ ಯಾತ್ರಿಕ ಕೊಟ್ಟುಹೋಗಿದ್ದ. ಒಂದು ಬದಿ ರಾಜ, ಇನ್ನೊಂದು ಬದಿ ಕಿರೀಟ ತೊಟ್ಟ ಹದ್ದು.

"ಹದ್ದಿಗ್ಯಾಕೆ ಕಿರೀಟ, ಅಯ್ಯಾ?"

"ರಾಜರು ಬರ್ತಾರೆ, ಹೋಗ್ತಾರೆ. ಹದ್ದು ಆ ನಾಡಿನ ಗುರುತು. ಇದರಂತೆ ಒಂದು ಕೆತ್ತು. ಸರಿಬಂದರೆ ನಿನ್ನ ಗುರುತು ಹಾಕಿಕೋ."

ರಾಜನ ಕಿರೀಟ ಸವೆದು ಸಪಾಟಾಗಿತ್ತು. ಯಾಕೆಂದು ಸೋಮಲಿಂಗ ಕೇಳಲಿಲ್ಲ. ಹದ್ದಿನ ಪುಟ್ಟ ಕಿರೀಟ ನೋಡಿ, ಅಂದಾಜಿನ ಮೇಲೆ ರಾಜನಿಗೂ ಒಂದು ಕೆತ್ತಿದ, ಚೆನ್ನಾಗಿ ಎದ್ದು ಕಾಣುವಂತೆ.

ಗುರುಗಳು ತಿರುಗಿಸಿ ನೋಡಿ "ಭೇಷ್" ಅಂದರು.

ಅಷ್ಟು ಸಾಕಾಯಿತು! ತಾನು ಕೆತ್ತಿದ ರಾಜನ ಕಿರೀಟದ ನೆತ್ತಿಯ ಮೇಲೇ 'ಸೋ' ಎಂದು ಕೊರೆದುಬಿಟ್ಟ. ಗುರುಗಳು ಕಂಡೂ ತಡೆಯಲಿಲ್ಲ.

ಹೆಮ್ಮೆ ಮನುಷ್ಯನನ್ನು ಸುಮ್ಮನೆ ಕೂರಲು ಬಿಡುತ್ತದೆಯೇ? ದಿನಾ ಬೆಳಿಗ್ಗೆ ವಿಭೂತಿ ಹಾಕಿ ಅದನ್ನು ಉಜ್ಜುವುದು, ಬಂದವರಿಗೆಲ್ಲ ತೋರಿಸುವುದು. ಹೀಗೇ ಐದು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ನೋಡುತ್ತಾನೆ, 'ಸೋ' ಇಲ್ಲ. ಅಳುವೇ ಬಂತು. ಗುರುಗಳ ಹತ್ತಿರ ಓಡಿದ.

"ಅಯ್ಯಾ, ಯಾರೋ ಹೊಟ್ಟೆಕಿಚ್ಚಿನವರು ನನ್ನ ಗುರುತು ಕೆರೆದುಹಾಕಿದ್ದಾರೆ!"

"ಕೈ ತೋರಿಸು."

ಚಾಚಿದ. ಹೆಬ್ಬೆರಳ ತುಂಬ ವಿಭೂತಿ.

"ಕಳ್ಳ ಸಿಕ್ಕಿದ," ಅಂದರು ಗುರುಗಳು.

ಸೋಮಲಿಂಗ ಕೈಯನ್ನೇ ನೋಡುತ್ತ ನಿಂತ. "ಹನ್ನೆರಡು ವರ್ಷ ಕಾದು ಪಡೆದದ್ದು, ಅಯ್ಯಾ. ನಾನೇ ಕೈಯಾರೆ ಕಳಕೊಂಡೆ. ಇನ್ನೊಮ್ಮೆ ಕೊರೆಯಲೇ? ಎಲ್ಲಿ ಕೊರೆಯಲಿ?"

ಗುರುಗಳು ಹಳೆಯ ನಾಣ್ಯವನ್ನು ಮತ್ತೆ ಅವನ ಕೈಗಿಟ್ಟರು. "ಕಣ್ಣು ಮುಚ್ಚಿ ಸವರು. ಉಗುರಿಗೆ ಏನು ಸಿಗುತ್ತೆ, ಹೇಳು."

"ರಾಜನ ಕಿರೀಟ ಸಿಗ್ತಾ ಇಲ್ಲ. ಮೂಗೂ ಇಲ್ಲ." ನಾಣ್ಯ ತಿರುವಿದ. "ಹದ್ದು ಸಿಕ್ತು. ಅದರ ಕಾಲಿನ ಪಕ್ಕ, ತಗ್ಗಿನಲ್ಲಿ, ಎರಡು ಪುಟ್ಟ ಅಕ್ಷರ ಇವೆ. ನಿನ್ನೆ ಕೊರೆದ ಹಾಗಿವೆ! ಯಾರ ಹೆಸರು ಅಯ್ಯಾ, ರಾಜನದೇ?"

"ಅಲ್ಲಪ್ಪ, ಈ ನಾಣ್ಯಕ್ಕೆ ಅಚ್ಚು ಹಾಕಿದ ಟಂಕಸಾಲೆಯವನದು. ಎಲ್ಲಿ ಕೂತರೆ ಉಳೀತೀನಿ ಅಂತ ಅವನಿಗೆ ಗೊತ್ತಿತ್ತು."