ಓಗೊಟ್ಟ ಬಂಡೆ

"ಓಗೊಡದವನನ್ನು ಎಷ್ಟು ವರ್ಷ ಕರೆಯಬೇಕು, ಬುದ್ಧಿ?"

ರೇವಯ್ಯ ಹೀಗೆ ಕೇಳಿದಾಗ ಅವನ ಬಟ್ಟೆಯ ಗಂಟು ಆಗಲೇ ಮಠದ ಬಾಗಿಲಿಗೆ ಬಂದಿತ್ತು. ಹನ್ನೊಂದು ವರ್ಷ, ದಿನಕ್ಕೆ ಮೂರು ಹೊತ್ತು ಶಿವನನ್ನು ಕರೆದಿದ್ದ. ಆ ಕಡೆಯಿಂದ ಒಂದು ಸೊಲ್ಲಿಲ್ಲ. ಅವನ ಜೊತೆ ಮಠ ಸೇರಿದವನಿಗೆ ಮೊದಲ ವರ್ಷವೇ ಶಿವ ಮಾತಾಡಿದನಂತೆ. ಈಗ ಅವನ ಸುತ್ತ ಜನ ಕೈಮುಗಿದು ಕೂರುತ್ತಾರೆ. ರೇವಯ್ಯನಲ್ಲಿ ಹೊಟ್ಟೆಕಿಚ್ಚು ಪಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡೆ ಎನಿಸಿತ್ತು. ಅಪ್ಪಣೆ ಸಿಕ್ಕರೆ ಹೊರಡುವವನಿದ್ದ.

ಗುರುಗಳೂ ದಣಿದಿದ್ದರು. ಇದೇ ಜಗಲಿಯ ಮೇಲೆ ಇದೇ ಪ್ರಶ್ನೆಯನ್ನು ಎಷ್ಟು ಜನರಿಂದ ಕೇಳಿದ್ದರೋ. "ಹೇಗೂ ಹೋಗುವವನು, ಕೂತು ಹೋಗು" ಎಂದು ಕತೆ ಹೇಳಿದರು.

ಒಬ್ಬ ಬಡವ ಗವಿಯಿಂದ ಬಾವಲಿಯ ಹಿಕ್ಕೆ ತುಂಬಿ ತಂದು ವೀಳ್ಯದೆಲೆ ತೋಟದವರಿಗೆ ಗೊಬ್ಬರಕ್ಕೆ ಕೊಡುತ್ತಿದ್ದ. ಅವನು ಒಳಗೆ ಹೋದರೆ ಹೆಂಡತಿ ಗವಿಯ ಬಾಯಲ್ಲಿ ಕೂರಬೇಕು. ಅವನು ಆಗಾಗ "ಓ" ಎನ್ನಬೇಕು, ಅವಳು ತಿರುಗಿ "ಓ" ಎನ್ನಬೇಕು. ಗವಿಯೊಳಗೆ ಹೆಸರು ಹಿಡಿದು ಕೂಗಬಾರದೆಂಬುದು ಆ ಕಸುಬಿನವರ ಕಟ್ಟಳೆ.

ಒಂದು ದಿನ ಅವನು ಎಂದೂ ಹೋಗದಷ್ಟು ಒಳಗೆ ಹೋದ. ಕಾಲು ಜಾರಿತು. ದೀಪ ಬಿದ್ದು ಆರಿತು. ಅವನೇನೂ ಹೆದರಲಿಲ್ಲ. "ಓ" ಎಂದ. "ಓ" ಎಂದು ಉತ್ತರ ಬಂತು. ಹೆಂಡತಿ ಇದ್ದಾಳೆಂದು ಆ ಕಡೆ ನಡೆದ. ಹಣೆ ಬಂಡೆಗೆ ಬಡಿಯಿತು. ಮತ್ತೆ ಕರೆದ. ಇನ್ನೊಂದು ದಿಕ್ಕು ಓಗೊಟ್ಟಿತು. ಅಲ್ಲೂ ಬಂಡೆ. ಒಂದು ದಿಕ್ಕು ಮಾತ್ರ ಏನೂ ಹೇಳಲಿಲ್ಲ. ಅಲ್ಲಿ ಯಾರೂ ಇಲ್ಲವೆಂದು ಅತ್ತ ಹೆಜ್ಜೆ ಇಡಲಿಲ್ಲ. ಓಗೊಟ್ಟ ಕಡೆಗೇ ಹೋಗಿ ಹೋಗಿ ಮೊಣಕಾಲು ಒಡೆದುಕೊಂಡ. ಕೊನೆಗೆ ಕೂತುಬಿಟ್ಟ. ಸಾಯುವುದಕ್ಕೂ ಬೇಸರವಾಗುವಷ್ಟು ಸೋತಿದ್ದ.

ಹೊರಗೆ ಸಂಜೆಯಾಗಿರಬೇಕು. ಬಾವಲಿಗಳು ಎದ್ದವು. ಆ ಕತ್ತಲಲ್ಲಿ ನೂರಾರು ಹಾರಿದರೂ ಒಂದೂ ಗೋಡೆಗೆ ತಾಗಲಿಲ್ಲ, ಅವನ ಮೈಗೂ ತಾಗಲಿಲ್ಲ. ಹಾರುತ್ತ ನಾಲಿಗೆಯಿಂದ ಟಕ್ ಟಕ್ ಎನ್ನುತ್ತಿದ್ದವು, ಅಷ್ಟೆ. ಇಪ್ಪತ್ತು ವರ್ಷದಿಂದ ಆ ಸದ್ದು ಕೇಳಿದ್ದ. ಅವುಗಳ ಜಗಳವೆಂದು ತಿಳಿದಿದ್ದ. ಈಗ ಬೇರೆ ಕೆಲಸವಿಲ್ಲದೆ ತಾನೂ ಮುಖ ತಿರುಗಿಸುತ್ತ ಟಕ್ ಎಂದ. ಒಂದು ಕಡೆ ಸದ್ದು ತಟ್ಟನೆ ಮರಳಿತು. ಇನ್ನೊಂದು ಕಡೆ ತುಸು ತಡೆದು ಮರಳಿತು. ಮರಳಿದ್ದು ತನ್ನದೇ ದನಿ, ಮರಳಿಸಿದ್ದು ಬಂಡೆ ಎಂದು ಆಗ ತಿಳಿಯಿತು. ಬಾವಲಿ ದನಿ ಮರಳಿದ ಕಡೆಯಿಂದ ಸರಿದುಕೊಳ್ಳುತ್ತದೆ. ಅವನು ಅಲ್ಲಿಗೇ ಹೋಗಿ ಹಣೆ ಬಡಿದುಕೊಂಡಿದ್ದ. ಅವನಿಗೆ ಅಳು ಬಂತು.

ಏನೂ ಮರಳದ ಕಡೆಗೆ ತೆವಳಿದ. ಒಂದು ತಿರುವು ದಾಟಿದ ಮೇಲೆ ಮುಖಕ್ಕೆ ಗಾಳಿ ತಾಗಿತು. ಗವಿಯ ಬಾಯಲ್ಲಿ ಹೆಂಡತಿ ಕೂತಿದ್ದಳು.

"ಒಂದು ಸಲ ಓ ಅನ್ನೋಕೆ ಏನಾಗಿತ್ತೇ ನಿಂಗೆ?" ಎಂದ.

ಅವಳು ಬಾಯಿ ತೆರೆದಳು. ದನಿ ಬರಲಿಲ್ಲ. ದನಿಯನ್ನು ಆ ತಿರುವು ದಾಟಿಸಲಾಗದೆ, ಬೆಳಗಿನಿಂದ ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು.

ಗುರುಗಳು ಕತೆ ನಿಲ್ಲಿಸಿ ರೇವಯ್ಯನ ಕಡೆ ನೋಡಿದರು. "ಹನ್ನೊಂದು ವರ್ಷದಲ್ಲಿ ಶಿವ ಒಂದು ಸಲವೂ ಓಗೊಡಲಿಲ್ಲವೇ?"

"ಇಲ್ಲ, ಬುದ್ಧಿ."

"ಓಗೊಟ್ಟಿದ್ದರೆ ನಿನ್ನ ಬಗ್ಗೆ ನನಗೆ ಭಯವಾಗುತ್ತಿತ್ತು."